ರಥದಲ್ಲಿ ನಾಯಿಗೂ ಜಾಗ

ಮಹಾಭಾರತದ ಕೊನೆಯಲ್ಲಿ, ನಾಯಿಯನ್ನು ಬಿಟ್ಟು ಸ್ವರ್ಗದ ರಥ ಹತ್ತು ಎಂದ ಇಂದ್ರ. ನಂಬಿ ಬಂದದ್ದನ್ನು ಬಿಟ್ಟು ಬರಲಾರೆ ಎಂದ ಧರ್ಮರಾಯ. ಬೆಂಗಳೂರಿನಿಂದ ಜರ್ಮನಿಗೆ ಕೆಲಸದ ಮೇಲೆ ಹೊರಟ ಸಂಸಾರಗಳ ಮುಂದೆಯೂ ಇವತ್ತು ಅದೇ ಪ್ರಶ್ನೆ: ಸಾಕಿದ ನಾಯಿ, ಬೆಕ್ಕನ್ನು ಬಿಟ್ಟು ಹೋಗುವುದೇ, ಜೊತೆಗೆ ಕರೆದೊಯ್ಯುವುದೇ?

ಕರೆದೊಯ್ಯುವುದಾದರೆ, ವೀಸಾ ಬಂದ ಮೇಲೆ ಯೋಚಿಸಿದರೆ ತಡವಾಗಿಬಿಡುತ್ತದೆ. ಯುರೋಪ್ ಒಕ್ಕೂಟದ ನಿಯಮದಂತೆ ಮೊದಲು ಮೈಕ್ರೋಚಿಪ್, ಆಮೇಲೆ ರೇಬಿಸ್ ಲಸಿಕೆ. ಈ ಕ್ರಮ ತಪ್ಪಿದರೆ ಲಸಿಕೆ ಲೆಕ್ಕಕ್ಕೇ ಬರುವುದಿಲ್ಲ. ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತಪರೀಕ್ಷೆ. ರಕ್ತ ತೆಗೆದ ದಿನದಿಂದ ಮತ್ತೆ 3 ತಿಂಗಳು ಕಾಯಬೇಕು.

ಕಾಗದಪತ್ರ ಹೇಗೋ ಆಗುತ್ತದೆ. ನನ್ನ ಮನಸ್ಸು ಹೋಗುವುದು ಸಾಕುಪ್ರಾಣಿ ಕೂತು ಹೋಗುವ ಪ್ರಯಾಣದ ಗೂಡಿನ ಕಡೆಗೆ. ಹೊರಡುವ ದಿನ ಸಾಕುಪ್ರಾಣಿಯನ್ನು ದಿಢೀರನೆ ಗೂಡಿನೊಳಗೆ ತಳ್ಳಬೇಡಿ. ವಾರಗಟ್ಟಲೆ ಮೊದಲೇ ಗೂಡಿನ ಬಾಗಿಲು ತೆರೆದು ಮನೆಯ ಮೂಲೆಯಲ್ಲಿಡಿ. ಊಟ ಅಲ್ಲೇ ಹಾಕಿ. ನಿಮ್ಮ ಹಳೆಯ ಸೀರೆಯ ತುಂಡೊಂದನ್ನು, ಒಗೆಯದೆ, ಹಾಸಿ. ಸಾಕುಪ್ರಾಣಿಯ ಪಾಲಿಗೆ ಆ ವಾಸನೆಯೇ ಮನೆ.

ಹೊಸ ಊರಿನಲ್ಲಿ ಬೆಕ್ಕು ಮಂಚದ ಕೆಳಗೆ ಸೇರಿಕೊಂಡರೆ ಎಳೆಯಬೇಡಿ. ಒಂದೇ ಕೋಣೆಯಲ್ಲಿ ಊಟ, ನೀರು, ಅದೇ ಸೀರೆಯ ತುಂಡು ಇಡಿ. ಪಕ್ಕದಲ್ಲಿ ನೆಲದ ಮೇಲೆ ಕೂತು, ದಿನವೂ ಕರೆಯುತ್ತಿದ್ದ ಹೆಸರಿನಿಂದಲೇ, ಮೆಲ್ಲಗೆ ಕನ್ನಡದಲ್ಲಿ ಮಾತಾಡಿಸುತ್ತಿರಿ.