ಗಡಿಯ ಶಾಲೆಯಿಂದ ಕಡಲಾಚೆಯ ಗಣಕವಿದ್ಯೆಗೆ
(ಶತಮಾನೋತ್ಸವದ ಅಂಗವಾಗಿ ನಡೆದ ಪಾಲಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣ)



ಶಾಲೆಗೆ ನೂರು ವರುಷ ತುಂಬಿದ ಈ ಶುಭ ಸಂದರ್ಭದಲ್ಲಿ ಅದರ ಇತಿಹಾಸವನ್ನು ಸ್ಮರಿಸಲು ನಮಗಿಂತ ಹಿರಿಯರು ವೇದಿಕೆಯ ಮೇಲಿದ್ದಾರೆ. ನಾವು ಈ ಹೊತ್ತು ಪಾಲಕರು ಮೇಲಿಂದ ಮೇಲೆ ಕೇಳುವ ಒಂದೇ ಒಂದು ಪ್ರಶ್ನೆಗೆ ಉತ್ತರ ಹೇಳಬಯಸುತ್ತೇವೆ. ಪ್ರತಿ ಜೂನ್ ತಿಂಗಳಲ್ಲಿ ಒಂದನೆಯ ಇಯತ್ತೆಯ ಪ್ರವೇಶಕ್ಕೆಂದು ಬರುವ ತಾಯಂದಿರಲ್ಲಿ ಒಬ್ಬರಾದರೂ ಅದನ್ನು ಕೇಳದೆ ಹೋಗುವುದಿಲ್ಲ. "ಬಾಯಾರ, ಕನ್ನಡ ಸಾಲಿಗೆ ಹಾಕಿದರ ನಮ್ಮ ಹುಡುಗ ಮುಂದ ಕಂಪ್ಯೂಟರ್ ಕಲಿಯಾಕ ಅಮೆರಿಕಾಕ್ಕ ಹೋಗಾಕ ಆಗತೈತೇನ್ರಿ?"

ಈ ಪ್ರಶ್ನೆ ಸಣ್ಣದಲ್ಲ. ಇದರ ಉತ್ತರದ ಮೇಲೆ ನಮ್ಮ ಪಟಸಂಖ್ಯೆ ನಿಂತಿದೆ. ಪಟಸಂಖ್ಯೆಯ ಮೇಲೆ ಶಾಲೆಯ ಮುಂದಿನ ದಿನಗಳು ನಿಂತಿವೆ. ಬಿದ್ರಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ರೈತರು, ಇಚಲಕರಂಜಿಯ ಯಂತ್ರಮಗ್ಗಗಳಲ್ಲಿ ಪಾಳಿಯ ಮೇಲೆ ದುಡಿಯುವವರು, ಗಡಹಿಂಗ್ಲಜದ ಪೇಟೆಯ ಸಣ್ಣ ವ್ಯಾಪಾರಿಗಳು, ಇವರೇ ನಮ್ಮ ಪಾಲಕರು. "ಆಗುತ್ತದೆ, ಚಿಂತಿಸಬೇಡಿರಿ" ಎಂದು ಒಂದೇ ಮಾತಿನಲ್ಲಿ ಇವರನ್ನು ಕಳಿಸಿಬಿಡುವುದು ಸುಲಭ. ಆದರೆ ಅಲ್ಲಿಗೆ ಹೋದ ಮಗುವಿನ ಬದುಕು ಹೇಗಿರುತ್ತದೆ, ಅದಕ್ಕೆ ಏನು ಬೇಕು, ಮನೆಯವರು ಏನನ್ನು ಲೆಕ್ಕ ಹಾಕಬೇಕು ಎಂಬುದನ್ನು ಹೇಳದೆ ಕೊಟ್ಟ ಭರವಸೆ ಅರ್ಧ ಸತ್ಯವಾದೀತು.

ಕಡಲಾಚೆಯ ವಿದ್ಯೆ ನಮ್ಮ ಈ ಸೀಮೆಗೆ ಹೊಸದೇನೂ ಅಲ್ಲ. 1883ರಲ್ಲಿ ಹಡಗನ್ನೇರಿ ಅಮೆರಿಕೆಯ ಫಿಲಡೆಲ್ಫಿಯಾಕ್ಕೆ ಹೋಗಿ, 1886ರಲ್ಲಿ ವೈದ್ಯಕೀಯ ಪದವಿ ಪಡೆದ ಆನಂದಿಬಾಯಿ ಜೋಶಿಯವರನ್ನು ಕೊಲ್ಲಾಪುರ ಸಂಸ್ಥಾನವು ಇಲ್ಲಿನ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಮಹಿಳಾ ವಿಭಾಗಕ್ಕೆ ನೇಮಿಸಿತ್ತು. ಅಲ್ಲಿಯ ಚಳಿ, ಒಗ್ಗದ ಆಹಾರ, ಎಡೆಬಿಡದ ಓದು ಅವರ ಶರೀರವನ್ನು ಕುಗ್ಗಿಸಿದ್ದವು. ಹುದ್ದೆಯನ್ನು ವಹಿಸಿಕೊಳ್ಳುವ ಮೊದಲೇ, 1887ರಲ್ಲಿ, ಇಪ್ಪತ್ತೆರಡು ತುಂಬುವ ಮುನ್ನ ಅವರು ತೀರಿಕೊಂಡರು. ಡಾ. ಅಂಬೇಡ್ಕರರ ವಿಷಯವೂ ನಮಗೆ ಹತ್ತಿರದ್ದೇ. ಬಡೋದೆಯ ಮಹಾರಾಜರ ವಿದ್ಯಾರ್ಥಿವೇತನದ ಅವಧಿ ಮುಗಿದ ಕಾರಣ 1917ರಲ್ಲಿ ಅವರು ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. 1920ರ ಮಾರ್ಚ್‌ನಲ್ಲಿ ಇಚಲಕರಂಜಿಯ ಸಮೀಪದ ಮಾಣಗಾವದ ಪರಿಷತ್ತಿನಲ್ಲಿ ರಾಜರ್ಷಿ ಶಾಹೂ ಮಹಾರಾಜರು ಅವರನ್ನು ಗೌರವಿಸಿದರು. ಅದೇ ವರ್ಷ ಅಂಬೇಡ್ಕರರು ಮತ್ತೆ ಲಂಡನ್ನಿಗೆ ಹೊರಟಾಗ ಮಹಾರಾಜರ ನೆರವೂ ಅವರಿಗೆ ದೊರೆಯಿತು. ಒಂದು ಕಥೆಯಲ್ಲಿ ಆರೋಗ್ಯ, ಇನ್ನೊಂದರಲ್ಲಿ ಹಣ. ನೂರು ವರುಷಗಳ ನಂತರವೂ ಪರದೇಶದಲ್ಲಿ ಓದುವ ಮಕ್ಕಳನ್ನು ಕಾಡುವುದು ಮುಖ್ಯವಾಗಿ ಈ ಎರಡೇ.

ಭಾಷೆಯ ಮಾತೇನು ಎಂದು ನೀವು ಕೇಳಬಹುದು. ಕನ್ನಡದ ಕವಿ ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿನಲ್ಲಿ ಓದಿ ಬಂದು, ಮುಂದೆ ನಮ್ಮ ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಾಚಾರ್ಯರಾದರು. ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಎ. ಕೆ. ರಾಮಾನುಜನ್ನರು ಅಮೆರಿಕೆಯ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋಗಿ 1963ರಲ್ಲಿ ಡಾಕ್ಟರೇಟ್ ಪಡೆದರು. ಅವರ ಸಂಶೋಧನೆಯ ವಿಷಯ ಕನ್ನಡದ ವ್ಯಾಕರಣವೇ ಆಗಿತ್ತು. ಹುಬ್ಬಳ್ಳಿಯಲ್ಲಿ ಹುಟ್ಟಿದ ಗುರುರಾಜ ದೇಶಪಾಂಡೆಯವರು ಮದ್ರಾಸಿನ ಐಐಟಿಯಿಂದ ಕೆನಡಾಕ್ಕೆ ತೆರಳಿ, ನ್ಯೂ ಬ್ರನ್ಸ್‌ವಿಕ್ ಮತ್ತು ಕ್ವೀನ್ಸ್ ವಿಶ್ವವಿದ್ಯಾಲಯಗಳಲ್ಲಿ ಓದಿ, ಒಂದು ಯಂತ್ರದಿಂದ ಇನ್ನೊಂದಕ್ಕೆ ಮಾಹಿತಿ ಸಾಗುವ ಬಗೆಯನ್ನು ಅಭ್ಯಸಿಸಿ ಡಾಕ್ಟರೇಟ್ ಪಡೆದರು. ಆಂಧ್ರದ ಕಾಟೂರು ಎಂಬ ಹಳ್ಳಿಯ ಒಕ್ಕಲು ಮನೆತನದ ರಾಜ್ ರೆಡ್ಡಿಯವರು ತಮ್ಮ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಆಸ್ಟ್ರೇಲಿಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, 1966ರಲ್ಲಿ ಸ್ಟ್ಯಾನ್‌ಫರ್ಡಿನಿಂದ ಡಾಕ್ಟರೇಟ್ ಪಡೆದು, ಮನುಷ್ಯನ ಮಾತನ್ನು ಗಣಕಯಂತ್ರವು ಗುರುತಿಸುವಂತೆ ಮಾಡುವುದಕ್ಕೆ ಅವರು ತಮ್ಮ ಜೀವನವನ್ನು ಮುಡಿಪಿಟ್ಟರು. 1994ರಲ್ಲಿ ಗಣಕವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು.

ಇವರೆಲ್ಲ ಅಸಾಮಾನ್ಯರು, ನಮ್ಮ ಮಕ್ಕಳು ಸಾಮಾನ್ಯರು ಎನ್ನುವಿರಾದರೆ ಇಂದಿನ ಸಂಖ್ಯೆಯನ್ನೇ ನೋಡೋಣ. 2023-24ನೆಯ ಸಾಲಿನಲ್ಲಿ ಅಮೆರಿಕೆಯಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳು 3,31,602 ಮಂದಿ. ಅವರಲ್ಲಿ ಬಹು ದೊಡ್ಡ ಪಾಲು ಗಣಕವಿಜ್ಞಾನ ಮತ್ತು ಎಂಜಿನಿಯರಿಂಗ್ ವಿಷಯಗಳಲ್ಲಿ ಸ್ನಾತಕೋತ್ತರ ಪದವಿಗೆ ಹೋದವರು. ಇಷ್ಟು ಜನರಲ್ಲಿ ಎಲ್ಲರೂ ಮಹಾನಗರಗಳ ಇಂಗ್ಲಿಷ್ ಶಾಲೆಗಳಿಂದ ಬಂದವರಲ್ಲ. ನಮ್ಮ ಶಾಲೆಯಲ್ಲಿ ಬಾಲಭಾರತಿಯ ಕನ್ನಡ ಪುಸ್ತಕಗಳನ್ನು ಓದಿದ ಮಕ್ಕಳೂ ಅವರೊಳಗಿದ್ದಾರೆ. ಅವರು ಫೋನಿನಲ್ಲಿ ನಮಗೆ ಹೇಳುವ ಸಂಗತಿಗಳನ್ನೇ ಈಗ ನಿಮ್ಮ ಮುಂದಿಡುತ್ತೇವೆ.

ಅಲ್ಲಿ ಒಂದು ಅವಧಿಗೆ ಸಾಮಾನ್ಯವಾಗಿ ಮೂರು ವಿಷಯಗಳು ಮಾತ್ರ. ಮೂರೇ ಎಂದು ಹಗುರವಾಗಿ ಎಣಿಸಬಾರದು. ಪ್ರತಿಯೊಂದು ವಿಷಯದಲ್ಲೂ ವಾರಕ್ಕೋ ಎರಡು ವಾರಕ್ಕೋ ಒಂದು ಗೃಹಕಾರ್ಯ. ಒಂದೊಂದಕ್ಕೂ ಹತ್ತು ಹದಿನೈದು ತಾಸಿನ ದುಡಿಮೆ. ಗುರುಗಳು ಟಿಪ್ಪಣಿ ಬರೆಸುವುದಿಲ್ಲ, ಗೈಡುಗಳು ದೊರೆಯುವುದಿಲ್ಲ. ನಾಲ್ವರು ಎರಡು ಕೋಣೆಗಳ ಮನೆಯನ್ನು ಹಂಚಿಕೊಂಡು, ಸರದಿಯಂತೆ ಅಡುಗೆ ಮಾಡಿ, ಪಾತ್ರೆ ತೊಳೆದು, ಹಿಮ ಬೀಳುವ ಬೆಳಗಿನಲ್ಲಿ ಬಸ್ಸಿಗಾಗಿ ಕಾದು ನಿಲ್ಲಬೇಕು. ಪಾಠ ನಡೆಯುವ ಅವಧಿಯಲ್ಲಿ ವಾರಕ್ಕೆ 20 ತಾಸು ಮಾತ್ರ, ಅದೂ ವಿಶ್ವವಿದ್ಯಾಲಯದ ಆವರಣದೊಳಗೆ, ದುಡಿಯಲು ಅನುಮತಿ. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವುದು, ಊಟದ ಮನೆಯಲ್ಲಿ ಬಡಿಸುವುದು, ಕಿರಿಯರ ಉತ್ತರಗಳನ್ನು ತಿದ್ದುವುದು ಇಂಥ ಕೆಲಸಗಳು. ಇದರಲ್ಲಿ ಯಾವುದೂ ಅವಮಾನವಲ್ಲ. ಮನೆಯಲ್ಲಿ ತಾಟನ್ನು ಎತ್ತಿಡದೆ ಬೆಳೆದ ಗಂಡುಮಕ್ಕಳಿಗೆ ಮಾತ್ರ ಮೊದಲ ಆರು ತಿಂಗಳು ಬಹಳ ಕಠಿಣವಾಗುತ್ತವೆ.

ಯಂತ್ರಮಗ್ಗದ ಕುಟುಂಬದಿಂದ ಹೋದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಅನುಭವ ಇಲ್ಲಿ ಉಲ್ಲೇಖನೀಯ. ಮೊದಲ ಅವಧಿಯಲ್ಲಿ ಆಕೆ ಬರೆದ ಪ್ರೋಗ್ರಾಂ ಸರಿಯಾಗಿಯೇ ನಡೆಯಿತು. ಆದರೂ ಪ್ರಾಧ್ಯಾಪಕರು, "ಈ ದಾರಿಯನ್ನೇ ಏಕೆ ಹಿಡಿದೆ? ಬೇರೆ ದಾರಿ ಏಕೆ ಬೇಡವೆನಿಸಿತು?" ಎಂದು ಕೇಳಿದರು. ಆಕೆಗೆ ಉತ್ತರಿಸಲಾಗಲಿಲ್ಲ, ಅಂಕಗಳು ಕಡಿತಗೊಂಡವು. ಇಂಗ್ಲಿಷ್ ಬಾರದೆ ಹಾಗಾಯಿತು ಎಂದು ಆಕೆ ಮೊದಲು ಭಾವಿಸಿದ್ದಳು. ಜೊತೆಯಲ್ಲಿದ್ದ, ಇಂಗ್ಲಿಷ್ ಮಾಧ್ಯಮದಲ್ಲೇ ಓದಿದ ಗೆಳತಿಗೂ ಅದೇ ಗತಿಯಾದಾಗ ಕೊರತೆ ಭಾಷೆಯದಲ್ಲವೆಂದು ತಿಳಿಯಿತು. ಅಂದಿನಿಂದ ಪ್ರತಿ ಸಮಸ್ಯೆಗೂ ಒಂದು ವಹಿಯಲ್ಲಿ ಮೊದಲು ಕನ್ನಡದಲ್ಲಿ ಬರೆದುಕೊಳ್ಳತೊಡಗಿದಳು. ಕೊಟ್ಟದ್ದೇನು, ಕೇಳಿದ್ದೇನು, ಮೊದಲ ಹೆಜ್ಜೆ ಯಾವುದು, ಅದು ಏಕೆ ಎಂದು. ನಾಲ್ಕನೆಯ ಇಯತ್ತೆಯಲ್ಲಿ ಗಣಿತದ ಶಾಬ್ದಿಕ ಉದಾಹರಣೆಗಳನ್ನು ಬಿಡಿಸುವಾಗ ಇಲ್ಲಿ ಕಲಿತ ಕ್ರಮವೇ ಅದು. ವಿಚಾರ ತಿಳಿಯಾದ ಮೇಲೆ ಅದನ್ನು ಇಂಗ್ಲಿಷಿಗೆ ತರುವುದು ಅಭ್ಯಾಸದ ಮಾತು. ವಿಚಾರವೇ ಇಲ್ಲದಿದ್ದರೆ ಯಾವ ಮಾಧ್ಯಮವೂ ಕೈ ಹಿಡಿಯದು.

ಇದಕ್ಕೆ ಸೇರಿದ ಇನ್ನೊಂದು ಗಂಭೀರ ಸಂಗತಿ ನಕಲಿನದು. ನಮ್ಮ ಕಡೆ ಗೆಳೆಯನ ವಹಿ ನೋಡಿ ಬರೆಯುವುದನ್ನು ಸ್ನೇಹವೆಂದು ತಿಳಿಯುತ್ತೇವೆ. ಅಲ್ಲಿ ಅದು ಅಪರಾಧ. ಅಲೆಕ್ಸ್ ಐಕೆನ್ ಎಂಬ ಪ್ರಾಧ್ಯಾಪಕರು 1994ರಲ್ಲಿ ಸಿದ್ಧಪಡಿಸಿದ 'ಮಾಸ್' ಎಂಬ ತಂತ್ರಾಂಶವು ಹೆಸರುಗಳನ್ನು ಬದಲಿಸಿ, ಸಾಲುಗಳನ್ನು ಹಿಂದುಮುಂದು ಮಾಡಿದರೂ ಎರಡು ಪ್ರೋಗ್ರಾಂಗಳ ನಡುವಿನ ಹೋಲಿಕೆಯನ್ನು ಎತ್ತಿ ತೋರಿಸುತ್ತದೆ. ಸಿಕ್ಕಿಬಿದ್ದವರು ಆ ವಿಷಯದಲ್ಲಿ ಅನುತ್ತೀರ್ಣರಾಗಬಹುದು, ವಿಶ್ವವಿದ್ಯಾಲಯದಿಂದಲೇ ಹೊರಬೀಳಬಹುದು. ಹೊರಬಿದ್ದರೆ ವೀಸಾ ಕೂಡ ಉಳಿಯದು. ತನ್ನ ಕೆಲಸವನ್ನು ತಾನೇ ಮಾಡುವ ಪಾಠ ವಿಮಾನ ಹತ್ತಿದ ಮೇಲೆ ಕಲಿಯುವಂಥದ್ದಲ್ಲ. ಅದನ್ನು ಐದನೆಯ ಇಯತ್ತೆಯಲ್ಲೇ ಕಲಿಯಬೇಕು.

ಇನ್ನು ಹಣದ ಮಾತು. ಪಾಲಕರು ಇದನ್ನು ಲಕ್ಷ್ಯಗೊಟ್ಟು ಕೇಳಬೇಕೆಂದು ಪ್ರಾರ್ಥಿಸುತ್ತೇವೆ. ಅಮೆರಿಕೆಯಲ್ಲಿ ಎರಡು ವರ್ಷದ ಎಂಎಸ್ ಪದವಿಗೆ ಶುಲ್ಕ, ಬಾಡಿಗೆ, ಊಟ, ಆರೋಗ್ಯ ವಿಮೆ ಸೇರಿ 40 ಲಕ್ಷ ರೂಪಾಯಿ ದಾಟುವುದು ಸಾಮಾನ್ಯ. ಶಿಕ್ಷಣ ಸಾಲ ಏಳೂವರೆ ಲಕ್ಷ ಮೀರಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಅಡವು ಕೇಳುತ್ತವೆ. ಹಲವು ಬ್ಯಾಂಕುಗಳು ಹೊಲದ ಸಾತಬಾರಾ ಉತಾರವನ್ನು ಒಪ್ಪುವುದಿಲ್ಲ. ಆಗ ಮನೆಯವರು ಹೊಲ ಮಾರುವ, ಇಲ್ಲವೇ ಖಾಸಗಿ ಸಾಲಕ್ಕೆ ಕೈಯೊಡ್ಡುವ ಪ್ರಸಂಗ ಬರುತ್ತದೆ. ಒಂದು ಸರಳ ಲೆಕ್ಕ ಮಾಡಿ ನೋಡಿರಿ. 40 ಲಕ್ಷಕ್ಕೆ ಶೇಕಡಾ 10ರಂತೆ ವರ್ಷಕ್ಕೆ 4 ಲಕ್ಷ ಬಡ್ಡಿ. ಮೊದಲ ದಿನವೇ ಪೂರ್ತಿ ಸಾಲ ಎತ್ತಿದರೆ, ಎರಡು ವರ್ಷದ ಓದು ಹಾಗೂ ಮರುಪಾವತಿಗೆ ಕೊಡುವ ಒಂದು ವರ್ಷದ ಬಿಡುವು ಮುಗಿಯುವಷ್ಟರಲ್ಲಿ ಸರಳ ಬಡ್ಡಿಯೇ 12 ಲಕ್ಷವಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಹಿರಿಯರು ಹೇಳಿದ್ದು ಮಕ್ಕಳ ಆಸೆಯನ್ನು ಚಿವುಟುವುದಕ್ಕಲ್ಲ. ಹಾಸಿಗೆಯನ್ನು ಮೊದಲು ಅಳೆಯಿರಿ ಎನ್ನುವುದಕ್ಕೆ.

ಬೇರೆ ದಾರಿಗಳೂ ಇವೆ. ಜರ್ಮನಿಯ ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ; ಆದರೆ ಜೀವನ ವೆಚ್ಚಕ್ಕೆಂದು ವರ್ಷವೊಂದಕ್ಕೆ 11,904 ಯೂರೋಗಳನ್ನು ಮುಂಚಿತವಾಗಿ ಖಾತೆಯಲ್ಲಿ ಇರಿಸಿ ತೋರಿಸಬೇಕೆಂದು 2024ರಲ್ಲಿ ನಿಗದಿಯಾಯಿತು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮಹಾರಾಷ್ಟ್ರ ಸರಕಾರದ ರಾಜರ್ಷಿ ಶಾಹೂ ಮಹಾರಾಜ ಪರದೇಶ ಶಿಷ್ಯವೃತ್ತಿ ಇದೆ. ಡಾಕ್ಟರೇಟ್ ಅಧ್ಯಯನಕ್ಕೆ ಹೋಗುವವರಿಗೆ ಬೋಧನೆಯಲ್ಲೋ ಸಂಶೋಧನೆಯಲ್ಲೋ ನೆರವಾಗುವ ಕೆಲಸದ ಮೂಲಕ ಶುಲ್ಕ ವಿನಾಯಿತಿಯೂ ವೇತನವೂ ದೊರೆಯುವುದುಂಟು. ಇವೆಲ್ಲವನ್ನೂ ವಿಚಾರಿಸುವ ಮೊದಲೇ ಏಜೆಂಟರ ಮಾತು ಕೇಳಿ ಸಹಿ ಹಾಕಬೇಡಿರಿ. ಕೆಲವು ಏಜೆಂಟರಿಗೆ ವಿದ್ಯಾರ್ಥಿಯನ್ನು ಸೇರಿಸಿದ್ದಕ್ಕೆ ವಿದ್ಯಾಸಂಸ್ಥೆಯಿಂದಲೇ ದಲಾಲಿ ಸಲ್ಲುತ್ತದೆ ಎಂಬುದು ತಿಳಿದಿರಲಿ.

ಪದವಿ ದೊರೆತ ಮಾತ್ರಕ್ಕೆ ಅಲ್ಲಿಯೇ ನೆಲೆಯೂರಬಹುದು ಎಂಬುದೂ ಖಚಿತವಲ್ಲ. ಅಮೆರಿಕೆಯಲ್ಲಿ ಓದಿನ ನಂತರ ಒಂದು ವರ್ಷ, ವಿಜ್ಞಾನ ತಂತ್ರಜ್ಞಾನದ ವಿಷಯವಾದರೆ ಮತ್ತೆ 24 ತಿಂಗಳು ಕೆಲಸ ಮಾಡಲು ಅವಕಾಶವಿದೆ. ಅನಂತರ ಬೇಕಾಗುವ ಎಚ್-1ಬಿ ವೀಸಾಗಳಿಗೆ ವರ್ಷಕ್ಕೆ 65,000, ಅಲ್ಲಿಯೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000 ಎಂಬ ಮಿತಿಯಿದೆ. ಅರ್ಜಿಗಳು ಅದಕ್ಕಿಂತ ಎಷ್ಟೋ ಹೆಚ್ಚು. 2025ರವರೆಗೆ ಆಯ್ಕೆ ನಡೆದದ್ದು ಚೀಟಿ ಎತ್ತಿದಂತೆ. ನಿಯಮಗಳೂ ಬದಲಾಗುತ್ತಲೇ ಇರುತ್ತವೆ. ಮೂರು ಸಲ ಹೆಸರು ಬಾರದೆ ಮರಳಿ ಬಂದ ನಮ್ಮ ಹುಡುಗನೊಬ್ಬ ಈಗ ಪುಣೆಯಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ, ಸಾಲವನ್ನೂ ತೀರಿಸುತ್ತಿದ್ದಾನೆ. ಆದರೂ ಊರಿನಲ್ಲಿ ಕೆಲವರು, "ಯಾಕ, ವಾಪಸ್ ಕಳಿಸಿದರೇನು?" ಎಂದು ಆಡಿಕೊಂಡದ್ದನ್ನು ಕೇಳಿ ಆತ ಎರಡು ಜಾತ್ರೆಗಳಿಗೆ ಮನೆಗೆ ಬರಲಿಲ್ಲ. ವಿದ್ಯೆ ಗಳಿಸಿ ಬಂದವನನ್ನು ಸೋತವನೆಂದು ಕಾಣುವ ಊರು ತನ್ನ ಮಕ್ಕಳನ್ನು ತಾನೇ ದೂರ ಮಾಡಿಕೊಳ್ಳುತ್ತದೆ. ನೆರೆದಿರುವ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ: ಈ ಮಾತು ನಮ್ಮ ಕಟ್ಟೆಗಳ ಮೇಲೆ ಕೇಳಬಾರದು.

ತಾಯಂದಿರಿಗೆ ಒಂದು ಮಾತು. ನ್ಯೂಯಾರ್ಕ್ ನಗರವು ಬೇಸಿಗೆಯಲ್ಲಿ ನಮಗಿಂತ ಒಂಬತ್ತೂವರೆ ತಾಸು, ಚಳಿಗಾಲದಲ್ಲಿ ಹತ್ತೂವರೆ ತಾಸು ಹಿಂದಿದೆ. ನೀವು ಮುಂಜಾನೆಯ ರೊಟ್ಟಿ ಬಡಿಯುವಾಗ ಅಲ್ಲಿ ಹಿಂದಿನ ದಿನದ ರಾತ್ರಿ. ಮಗು ಗೃಹಕಾರ್ಯ ಮುಗಿಸುವ ಅವಸರದಲ್ಲಿರುತ್ತದೆ. ವಾರಕ್ಕೆರಡು ಸಲ ಹೊತ್ತು ಗೊತ್ತು ಮಾಡಿಕೊಂಡು ಮಾತನಾಡಿರಿ. "ನೌಕರಿ ಸಿಕ್ಕಿತೇ?" ಎಂದು ಕೇಳುವ ಮೊದಲು "ಊಟ ಮಾಡಿದೆಯಾ? ನಿದ್ದೆ ಬರುತ್ತದೆಯೇ?" ಎಂದು ಕೇಳಿರಿ. ಮಗು ಮಾತು ಕಡಿಮೆ ಮಾಡಿದರೆ, ಊಟ ನಿದ್ದೆ ಬಿಟ್ಟಿದ್ದರೆ, ಗದರಿಸದೆ ವಿಶ್ವವಿದ್ಯಾಲಯದ ಆಪ್ತಸಲಹೆಗಾರರನ್ನು ಕಾಣಲು ಹೇಳಿರಿ. ಅಲ್ಲಿ ಆ ವ್ಯವಸ್ಥೆ ಇರುತ್ತದೆ, ಅದನ್ನು ಬಳಸಿಕೊಳ್ಳುವುದು ನಾಚಿಕೆಯ ವಿಷಯವಲ್ಲ. ಆನಂದಿಬಾಯಿಯವರ ಕಾಲದಲ್ಲಿ ಒಂದು ಪತ್ರ ತಲುಪಲು ವಾರಗಳೇ ಹಿಡಿಯುತ್ತಿದ್ದವು. ಇಂದು ಕ್ಷಣಮಾತ್ರದಲ್ಲಿ ತಲುಪುವ ಧ್ವನಿಯಲ್ಲಿ ಮಗುವಿಗೆ ಧೈರ್ಯ ಇರಲಿ, ಒತ್ತಡ ಬೇಡ.

ಹಾಗಾದರೆ ಆ ತಾಯಿಯ ಪ್ರಶ್ನೆಗೆ ನಮ್ಮ ಉತ್ತರವೇನು? ಹೋಗಲು ಆಗುತ್ತದೆ. ಕನ್ನಡ ಅದಕ್ಕೆ ಅಡ್ಡಿಯಲ್ಲ. ಇಂಗ್ಲಿಷನ್ನು ಒಂದನೆಯ ಇಯತ್ತೆಯಿಂದಲೇ ನಾವು ಕಲಿಸುತ್ತಿದ್ದೇವೆ, ಇನ್ನೂ ಚೆನ್ನಾಗಿ ಕಲಿಸುತ್ತೇವೆ. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ಈ ನಾಲ್ಕನ್ನೂ ಓದಿ ಬರೆಯಬಲ್ಲ ಗಡಿನಾಡಿನ ಮಗುವಿಗೆ, ಯಂತ್ರಗಳಿಗೆ ಭಾಷೆ ಕಲಿಸುವ ಈ ಕಾಲದಲ್ಲಿ, ಅದೊಂದು ಬಂಡವಾಳವೇ ಸರಿ. ಆದರೆ ಸ್ವಂತ ಬುದ್ಧಿಯಿಂದ ಯೋಚಿಸುವುದು, ಸ್ವಂತ ಕೈಯಿಂದ ಬರೆಯುವುದು, ತಿಳಿಯದಿದ್ದರೆ ಎದ್ದುನಿಂತು ಕೇಳುವುದು, ತನ್ನ ತಾಟನ್ನು ತಾನೇ ತೊಳೆಯುವುದು, ಖರ್ಚಿನ ಲೆಕ್ಕ ಇಡುವುದು, ಇವಿಲ್ಲದೆ ಹೋದ ಮಗು ಯಾವ ಮಾಧ್ಯಮದಲ್ಲಿ ಓದಿದ್ದರೂ ಬಳಲುತ್ತದೆ.

ಈ ಶತಮಾನೋತ್ಸವದ ವರ್ಷದಿಂದ ನಾವು ಮೂರು ಕೆಲಸಗಳನ್ನು ಕೈಗೆತ್ತಿಕೊಳ್ಳುತ್ತಿದ್ದೇವೆ. ಐದನೆಯ ಇಯತ್ತೆಯಿಂದ ಪ್ರತಿ ಶನಿವಾರ ಪ್ರತಿ ಮಗುವೂ ಯಾವ ಪುಸ್ತಕವನ್ನೂ ನೋಡದೆ ಒಂದು ಪುಟ ಬರೆಯಬೇಕು: ಈ ವಾರ ಕಲಿತದ್ದೇನು, ಅದು ಏಕೆ ಹಾಗೆ ಎಂದು. ಗಣಕದ ಕೋಣೆಯಲ್ಲಿ ತನ್ನ ಪ್ರೋಗ್ರಾಂ ಅನ್ನು ತರಗತಿಯ ಮುಂದೆ ನಿಂತು, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ವಿವರಿಸಬೇಕು. ಮೂರನೆಯದು ಹಳೆಯ ವಿದ್ಯಾರ್ಥಿಗಳಿಗೆ ಸೇರಿದ್ದು. ಪರದೇಶದಲ್ಲಿ ಓದಿದವರು, ಓದುತ್ತಿರುವವರು, ಓದಿ ಮರಳಿದವರು ಎಲ್ಲರೂ ತಮ್ಮ ಹೆಸರನ್ನು ಕಚೇರಿಯ ವಹಿಯಲ್ಲಿ ಬರೆಸಿರಿ. ಹೊರಡಲು ಸಿದ್ಧರಾದ ಕಿರಿಯರೊಡನೆ, ಅವರ ತಂದೆತಾಯಿಯರೊಡನೆ, ತಿಂಗಳಿಗೊಂದು ತಾಸು ಮಾತನಾಡಿರಿ. ಚೆನ್ನಾಗಿ ಆದದ್ದನ್ನೂ ಹೇಳಿರಿ, ಕಷ್ಟಪಟ್ಟದ್ದನ್ನೂ ಮುಚ್ಚಿಡದೆ ಹೇಳಿರಿ. ಶಾಲೆಗೆ ನೀವು ಕೊಡಬಹುದಾದ ದೇಣಿಗೆಗಳಲ್ಲಿ ಇದಕ್ಕಿಂತ ದೊಡ್ಡದು ನಮಗೆ ತೋಚದು. ಮುಂದಿನ ಜೂನ್‌ನಲ್ಲಿ ಆ ಪ್ರಶ್ನೆ ಮತ್ತೆ ಬಂದಾಗ, ಉತ್ತರ ಹೇಳಲು ನಮ್ಮೊಡನೆ ನೀವೂ ಇರಬೇಕು.