ಮುಖ ಉಳಿಸುವ ಮೊದಲ ಕೈ ನಿಮ್ಮದು

ಇಂದು ಪದವಿ ಪಡೆದ ಯುವ ವೈದ್ಯರೇ,

ನಿಮ್ಮಲ್ಲಿ ಹಲವರು ನಿಟ್ಟೂರು, ಗುಬ್ಬಿ, ಕುಣಿಗಲ್ ಕಡೆಯ ಆಸ್ಪತ್ರೆಗಳಿಗೆ ಹೋಗುವವರು. ಶಿವಮೊಗ್ಗ ಹೆದ್ದಾರಿಯಲ್ಲಿ ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದವರನ್ನೂ ಕಾಡಂಚಿನ ಹೊಲದಲ್ಲಿ ಕರಡಿ ಕೈಗೆ ಸಿಕ್ಕವರನ್ನೂ ಮೊದಲು ಹೊತ್ತು ತರುವುದು ಅಲ್ಲಿಗೇ. ಹರಿದುಹೋದ ಮುಖವನ್ನು ಕೂಡಿಸುವ ಮೈಕ್ರೋಸರ್ಜರಿ ದೊಡ್ಡ ಊರಿನಲ್ಲಿ ನಡೆಯಬಹುದು. ಅದು ಫಲಿಸುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ನಿಮ್ಮ ಮೇಜಿನ ಮೇಲೇ ತೀರ್ಮಾನವಾಗುತ್ತದೆ.

ಏಕೆಂದರೆ ಎಲ್ಲವೂ ನಿಂತಿರುವುದು ರಕ್ತದ ದಾರಿ ಉಳಿಯುವುದರ ಮೇಲೆ. ಅದಕ್ಕೊಂದು ಹಳೆಯ ಉದಾಹರಣೆ ಹೇಳುತ್ತೇನೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತಿನ ಬಂಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ. ಪುಣೆಯ ಬಳಿ ಇಟ್ಟಿಗೆ ಮಾಡುವ ಸಮುದಾಯದ ಒಬ್ಬ ಕುಶಲಿ ಅವನ ಹಣೆಯ ಚರ್ಮವನ್ನು ಕೆಳಕ್ಕೆ ತಿರುಗಿಸಿ ಹೊಸ ಮೂಗು ಕಟ್ಟಿಕೊಟ್ಟ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಇದನ್ನು ವರದಿ ಮಾಡಿತು. 1814ರಲ್ಲಿ ಕಾರ್ಪ್ಯೂ ಎಂಬ ಸರ್ಜನ್ ಅಲ್ಲಿ ಇದೇ ವಿಧಾನ ಅನುಸರಿಸಿದ. ಆ ಚರ್ಮ ಬದುಕಿದ್ದು ಹುಬ್ಬುಗಳ ನಡುವಿನ ಬುಡವನ್ನು ಕತ್ತರಿಸದೆ ರಕ್ತದ ದಾರಿ ಉಳಿಸಿದ್ದರಿಂದ. ಇಂದು ಕಡಿದುಹೋದ ದಾರಿಯನ್ನೂ ಮತ್ತೆ ಕೂಡಿಸುತ್ತೇವೆ: ಸುಮಾರು 1 ಮಿ.ಮೀ. ಅಗಲದ ರಕ್ತನಾಳವನ್ನು, ಕೂದಲಿಗಿಂತ ತೆಳುವಾದ ನೈಲಾನ್ ದಾರದಲ್ಲಿ, ಮೈಕ್ರೋಸ್ಕೋಪ್ ಕೆಳಗೆ ಹೊಲಿಯುತ್ತೇವೆ.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೆ. ಉಸಿರಾಟ ಸರಿಪಡಿಸಿ, ರಕ್ತಸ್ರಾವ ನಿಲ್ಲಿಸಿದ ಮೇಲೆ ಕೈ ತಡೆಯಿರಿ. ನೇತಾಡುವ ಚರ್ಮವನ್ನು ಕತ್ತರಿಸಿ ಎಸೆಯಬೇಡಿ. ಮುಖಕ್ಕೆ ರಕ್ತಸಂಚಾರ ಹೇರಳ, ಸಣ್ಣ ಆಸರೆಯಲ್ಲೂ ಅದು ಬದುಕೀತು. ಅರಿವಳಿಕೆ ಚುಚ್ಚುವ ಮೊದಲು ಹುಬ್ಬು ಏರಿಸಲು, ಕಣ್ಣು ಬಿಗಿಯಾಗಿ ಮುಚ್ಚಲು, ನಗಲು ಹೇಳಿ, ಕಂಡದ್ದನ್ನು ಬರೆದಿಡಿ. ಮುಖನರ ಕಡಿದಿದೆಯೇ ಎಂಬುದು ಇದರಿಂದ ತಿಳಿಯುತ್ತದೆ. ಕಡಿದ ಮುಖನರದ ಮುಂದಿನ ತುದಿ ಸುಮಾರು 72 ಗಂಟೆ ಮಾತ್ರ ವಿದ್ಯುತ್ ಪ್ರಚೋದನೆಗೆ ಸ್ಪಂದಿಸುತ್ತದೆ. ಆಮೇಲೆ ಅದನ್ನು ಹುಡುಕುವುದು ಕಷ್ಟ. ಗಾಯದ ಮಣ್ಣು, ಜಲ್ಲಿಪುಡಿ ಚೆನ್ನಾಗಿ ತೊಳೆಯಿರಿ. ಕರಡಿ ಕಚ್ಚಿದ್ದರೆ ರೇಬೀಸ್ ಲಸಿಕೆ, ಇಮ್ಯುನೊಗ್ಲಾಬ್ಯುಲಿನ್ ಮರೆಯಬೇಡಿ. ಕಿತ್ತುಬಂದ ತುಟಿಯನ್ನೋ ಕಿವಿಯನ್ನೋ ಸಲೈನ್‌ನಲ್ಲಿ ಒದ್ದೆ ಮಾಡಿದ ಗಾಜ್ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ಮೇಲಿಡಿ. ಐಸ್ ನೇರವಾಗಿ ತಾಕಿದರೆ ಅಂಗಾಂಶ ಸಾಯುತ್ತದೆ.

1994ರಲ್ಲಿ ಪಂಜಾಬಿನ ಹಳ್ಳಿಯೊಂದರಲ್ಲಿ ಒಂಬತ್ತು ವರ್ಷದ ಹುಡುಗಿಯ ಜಡೆ ಯಂತ್ರಕ್ಕೆ ಸಿಕ್ಕಿ ಮುಖವೂ ನೆತ್ತಿಯ ಚರ್ಮವೂ ಕಿತ್ತುಬಂದವು. ಮನೆಯವರು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಲೂಧಿಯಾನದ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಧಾವಿಸಿದರು. ಡಾ. ಅಬ್ರಹಾಂ ಥಾಮಸ್ ಅವರ ತಂಡ ರಕ್ತನಾಳಗಳನ್ನು ಕೂಡಿಸಿ ಅವಳ ಮುಖವನ್ನೇ ಅವಳಿಗೆ ಮರಳಿಸಿತು. ಆ ಸರ್ಜನ್ನರ ಕೌಶಲಕ್ಕೆ ಕೆಲಸ ಸಿಕ್ಕಿದ್ದು ಮನೆಯವರು ಆ ಚೀಲ ತಂದದ್ದರಿಂದ.

ಸಣ್ಣ ಊರಿಗೆ ಪೋಸ್ಟಿಂಗ್ ಆಯಿತೆಂದು ಯಾರೂ ಕುಗ್ಗಬೇಡಿ. ಮುಖ ಕೆಟ್ಟವರು ಮದುವೆಮನೆಗೆ, ಸಂತೆಗೆ ಹೋಗುವುದನ್ನೇ ಬಿಟ್ಟುಬಿಡುತ್ತಾರೆ. ಅವರನ್ನು ನಾಲ್ಕು ಜನರ ನಡುವೆ ಮತ್ತೆ ನಿಲ್ಲಿಸುವ ಚಿಕಿತ್ಸೆ ನಿಟ್ಟೂರಿನಲ್ಲಿ ನಿಮ್ಮಿಂದ ಶುರುವಾಗಲಿ.