ಕಾಫಿ ಅಂಗಡಿಯೂ ಒಂದು ಅಮಾನತ್

(ಚನ್ನಗಿರಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಿಂದ ಬಂದು ಇಲ್ಲಿ ನೆರೆದಿರುವ ನಮ್ಮಲ್ಲಿ ಅನೇಕರ ಬೆಳಗು ಬಸ್ ನಿಲ್ದಾಣದ ಬಳಿಯ ಅಂಗಡಿಯ ಒಂದು ಲೋಟ ಚಹಾ ಅಥವಾ ಕಾಫಿಯಿಂದ ಆರಂಭವಾಗುತ್ತದೆ. ಆ ಲೋಟವನ್ನು ತೊಳೆದ ಕೈ ಯಾರದು, ಆ ಕೈಗೆ ಸಿಕ್ಕ ಕೂಲಿ ಎಷ್ಟು ಎಂದು ನಾವು ಎಂದಾದರೂ ವಿಚಾರಿಸಿದ್ದೇವೆಯೇ?

ಕಾಫಿಯೊಂದಿಗೆ ನಮ್ಮ ನಂಟು ಹಳೆಯದು. ಹಜ್ಜ್ ಯಾತ್ರೆಯಿಂದ ಮರಳುವಾಗ ಯಮನ್‌ನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದವರು ಸೂಫಿ ಸಂತ ಬಾಬಾ ಬುಡನ್ ಎಂದು ನಾಡು ನಂಬಿಕೊಂಡು ಬಂದಿದೆ. ಆದರೆ ಕೇವಲ ಹೆಮ್ಮೆಯಿಂದ ಹೊಟ್ಟೆ ತುಂಬದು. ಅದೇ ಕಾಫಿಯಿಂದ ಇತರರು ಏನನ್ನು ಸಾಧಿಸಿದ್ದಾರೆಂದು ನೋಡೋಣ.

1957ರಲ್ಲಿ ಕಾಫಿ ಮಂಡಳಿಯು ತನ್ನ ಕಾಫಿ ಹೌಸ್‌ಗಳನ್ನು ಮುಚ್ಚತೊಡಗಿದಾಗ, ಕೆಲಸ ಕಳೆದುಕೊಂಡ ನೌಕರರು ಎ.ಕೆ. ಗೋಪಾಲನ್‌ರ ಪ್ರೇರಣೆಯಿಂದ ಸಹಕಾರಿ ಸಂಘಗಳನ್ನು ಕಟ್ಟಿದರು. ಮೊದಲ ಸಂಘವು ಅದೇ ವರ್ಷದ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ತಟ್ಟೆ ಎತ್ತುತ್ತಿದ್ದವರೇ ಒಡೆಯರಾದರು.

2017ರಲ್ಲಿ ಅಲೀನಾ ಆಲಂ ಎಂಬ ಯುವತಿ ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜೊಂದರ ಆವರಣದಲ್ಲಿ ‘ಮಿಟ್ಟಿ ಕೆಫೆ’ ತೆರೆದರು. ಅಲ್ಲಿ ಅಡುಗೆ ಮಾಡುವವರೂ ಬಡಿಸುವವರೂ ವಿಕಲಚೇತನರು. ಅವರಿಗೆ ಅಲ್ಲಿ ಸಿಗುವುದು ಭಿಕ್ಷೆಯಲ್ಲ, ಸಂಬಳ. 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಆವರಣದಲ್ಲಿಯೇ ಅದರ ಮಳಿಗೆಯನ್ನು ಅಂದಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಉದ್ಘಾಟಿಸಿದರು.

ಇದು ನಮಗೆ ಅಪರಿಚಿತ ಪಾಠವೇ? ಬೇಡಲು ಬಂದ ಅನ್ಸಾರಿಯೊಬ್ಬರ ಮನೆಯಲ್ಲಿದ್ದ ಕಂಬಳಿ ಹಾಗೂ ಬಟ್ಟಲನ್ನು ಪ್ರವಾದಿ(ಸ)ರು ಎರಡು ದಿರ್ಹಮ್‌ಗೆ ಹರಾಜು ಹಾಕಿದರು. ಒಂದರಿಂದ ಮನೆಗೆ ಆಹಾರ, ಇನ್ನೊಂದರಿಂದ ಕೊಡಲಿ ತರಿಸಿದರು. ಅದಕ್ಕೆ ಸ್ವಹಸ್ತದಿಂದ ಹಿಡಿ ಹಾಕಿಕೊಟ್ಟು ಸೌದೆ ಕಡಿಯಲು ಕಳುಹಿಸಿದರು. ಹದಿನೈದು ದಿನಗಳ ಬಳಿಕ ಆತ ಹತ್ತು ದಿರ್ಹಮ್ ಗಳಿಸಿ ಮರಳಿದರು.

ನಾವೋ, ಪ್ರತಿ ರಮಝಾನ್‌ನಲ್ಲಿ ಅದೇ ವಿಕಲಚೇತನನ ಕೈಗೆ ನೋಟು ತುರುಕಿ, ಮುಂದಿನ ರಮಝಾನ್‌ವರೆಗೆ ಅವನನ್ನು ಮರೆಯುತ್ತೇವೆ. ಝಕಾತ್‌ಗೆ ಅರ್ಹನಾದ ಅಂಥವನಿಗೆ ಒಲೆ, ಪಾತ್ರೆ, ತಳ್ಳುಗಾಡಿಯನ್ನು ಅವನ ಪೂರ್ಣ ಒಡೆತನಕ್ಕೇ ಏಕೆ ಕೊಡಬಾರದು? ಮನೆಯಲ್ಲಿ ರುಚಿಯಾಗಿ ತಿಂಡಿ ಮಾಡುವ ವಿಧವೆ ಸಹೋದರಿಯಿಂದ ನಮ್ಮ ಹೋಟೆಲಿನವರು ದಿನವೂ ನ್ಯಾಯ ಬೆಲೆಗೆ ತಿಂಡಿಯನ್ನು ಏಕೆ ಕೊಳ್ಳಬಾರದು?

‘ಇದರಿಂದ ಲಾಭವಿದೆಯೇ?’ ಎಂದು ವ್ಯಾಪಾರಿ ಬಂಧುಗಳು ಕೇಳುವುದು ಸಹಜ. ಲಾಭವಿಲ್ಲದ ಅಂಗಡಿ ಉಳಿಯದು, ನಿಜ. ಆದರೆ ಶಾಲೆಗೆ ಹೋಗಬೇಕಾದ ಬಾಲಕನ ಬೆವರಿನಿಂದ ಬಂದದ್ದು ಬರಕತ್ ಅಲ್ಲ. ಹದಿನಾಲ್ಕರೊಳಗಿನ ಮಕ್ಕಳನ್ನು ಚಹಾದಂಗಡಿಗಳಲ್ಲಿ ದುಡಿಸುವುದನ್ನು ಸರಕಾರವು 2006ರ ಅಕ್ಟೋಬರ್‌ನಲ್ಲಿಯೇ ನಿಷೇಧಿಸಿತು. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಆದೇಶವಂತೂ ಅದಕ್ಕಿಂತ ಎಷ್ಟೋ ಶತಮಾನ ಹಳೆಯದು.

ಆದ್ದರಿಂದ ಈ ನಾಲ್ಕು ಊರುಗಳಲ್ಲಿ ಒಂದೊಂದಾದರೂ ಇಂತಹ ಅಂಗಡಿ ತೆರೆಯಲಿ. ಅಲ್ಲಿ ಎಲ್ಲ ಧರ್ಮದವರೂ, ಸ್ತ್ರೀಯರೂ ಸಂಕೋಚವಿಲ್ಲದೆ ಕುಳಿತು ಕಾಫಿ ಕುಡಿಯುವಂತಾಗಲಿ. ಕೊಡಲಿಗೆ ಹಿಡಿ ಹಾಕುವ ಕೈಗಳನ್ನು ಅಲ್ಲಾಹನು ನಮ್ಮ ನಡುವಿನಿಂದಲೇ ಎಬ್ಬಿಸಲಿ. ಆಮೀನ್.